ಮನೇಲಿ ಬೇಡ ಅಂದ್ರು

ಎಕ್ಸ್‌ರೇ: ಇನ್ನೊಂದ್ಸಲ ಯೋಚನೆ ಮಾಡಿ ಹೇಳು.

ಪರದೆಯಮ್ಮ: ಯೋಚನೆ ಮಾಡೇ ಹೇಳಿದ್ದು. ಹೋಗ್ಬನ್ನಿ.

ಎಕ್ಸ್‌ರೇ: ಅದೇನು ಅಂತ ತಲೆಗೆ ಹೋಯ್ತಾ ನಿಂಗೆ? ಕೆರೇಲಿ ಎರಡು ಕಿಲೋಮೀಟರ್ ಹತ್ತಿರ ಈಜಬೇಕು. ಎದ್ದು ಬಂದ್ರೆ ನೆಟ್ಟಗೆ ಮೈ ಒರೆಸ್ಕೊಳ್ಳೋಕೂ ಪುರಸೊತ್ತಿಲ್ಲ, ತೊಂಬತ್ತು ಕಿಲೋಮೀಟರ್ ಸೈಕಲ್ ತುಳೀಬೇಕು. ಅದು ಮುಗಿಸಿ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಎಲ್ಲಾ ಒಂದೇ ದಿನ.

ಪರದೆಯಮ್ಮ: ಒಂದೇ ದಿನಾನಾ? ಒಳ್ಳೇದಾಯ್ತು. ಜಾಸ್ತಿ ರಜಾ ಹಾಕೋ ಹಾಗಿಲ್ಲ.

ಎಕ್ಸ್‌ರೇ: ನೀರಲ್ಲಿ ಪಕ್ಕದೋರು ಮುಖಕ್ಕೇ ಒದೀತಾರಂತೆ.

ಪರದೆಯಮ್ಮ: ಬೇಕು ಅಂತ ಒದೆಯಲ್ಲ ತಾನೆ?

ಎಕ್ಸ್‌ರೇ: ಕೆಲವರು ಮಧ್ಯದಲ್ಲೇ ಬಿದ್ದುಹೋಗ್ತಾರಂತೆ. ಎತ್ಕೊಂಡು ಬರ್ತಾರಂತೆ.

ಪರದೆಯಮ್ಮ: ಎತ್ಕೊಂಡು ಬರೋಕೆ ಜನ ಇಟ್ಟಿದ್ದಾರಲ್ಲ, ಅಷ್ಟು ಸಾಕು.

ಹೀಗೆ ಹೇಳಿ ಅವಳು ಹೊಲಿಗೆ ಯಂತ್ರದ ಗಾಲಿ ತಿರುಗಿಸಿ ಸೂಜಿಯನ್ನು ಬಟ್ಟೆಗೆ ಇಳಿಸಿದಳು. ಯಾರದೋ ಮನೆಯ ಹಜಾರಕ್ಕೆ ಹಾಕುವ ಪರದೆ. ಅಂಚು ಮಡಿಸುವಾಗ ಮಾತಿಗೆ ಕಿವಿ ಕೊಡಬಹುದು, ಕಣ್ಣು ಕೊಡುವ ಹಾಗಿಲ್ಲ. ಅಂಚು ಒಂದು ಎಳೆ ಸೊಟ್ಟಗಾದರೂ ಕಿಟಕಿಯೇ ಸೊಟ್ಟಗೆ ಕಾಣುತ್ತದೆ. ಬೀದಿಯವರಿಗೆಲ್ಲ ಪರದೆ ಹೊಲಿದು ಕೊಟ್ಟು ಕೊಟ್ಟು ಅವಳಿಗೆ ಪರದೆಯಮ್ಮ ಎಂದೇ ಹೆಸರು ನಿಂತಿತ್ತು. ಎದುರಿಗೆ ಸ್ಟೂಲಿನ ಮೇಲೆ ಮೊಣಕಾಲು ಹಿಡಿದು ಕೂತಿದ್ದ ಗಂಡನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಎಕ್ಸ್‌ರೇ. ಬಂದವರ ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, "ಉಸಿರು ಎಳ್ಕೊಳ್ಳಿ, ಹಿಡೀರಿ, ಅಲ್ಲಾಡಬೇಡಿ" ಎನ್ನುವುದು ಅವರ ಉದ್ಯೋಗ. ಅಲ್ಲಾಡಬೇಡಿ ಎಂಬ ಮಾತನ್ನು ಬೇರೆಯವರಿಗಿಂತ ಮೊದಲು ಅವರೇ ಪಾಲಿಸಿಕೊಂಡು ಬಂದಿದ್ದರು. ಹೊರಟ ಬಸ್ಸಿಗೆ ಸಹ ಓಡಿದ ಮನುಷ್ಯರಲ್ಲ.

ಅಂಥವರು ಈ ಮೂರು ಬಗೆಯ ಪಂದ್ಯಕ್ಕೆ ಹೆಸರು ಕೊಟ್ಟದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ಮೂಳೆ ಡಾಕ್ಟರು ತಾನು ಹೋಗುತ್ತಿದ್ದೇನೆ, ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದರಂತೆ. ಉಳಿದವರೆಲ್ಲ ಲೋಟದೊಳಗೆ ನೋಡಿದರಂತೆ. ಎಕ್ಸ್‌ರೇಯವರು ಮಾತ್ರ ಎದೆ ಸೆಟೆಸಿ ನಾನು ಬರುತ್ತೇನೆ ಎಂದರಂತೆ. ಆ ಧೈರ್ಯ ಅವರಿಗೆ ಬಂದದ್ದು ಮನೆಯಿಂದ. ಹೇಗಿದ್ದರೂ ಮನೆಯಲ್ಲಿ ಹೆಂಡತಿ ಬೇಡ ಎನ್ನುತ್ತಾಳೆ, ಮಾನವೂ ಉಳಿಯಿತು, ಮೈಯೂ ಉಳಿಯಿತು ಎಂಬುದು ಅವರ ಲೆಕ್ಕ.

ಈ ಲೆಕ್ಕ ಪರದೆಯಮ್ಮನಿಗೆ ಗೊತ್ತಾದದ್ದು ಆಕಸ್ಮಿಕವಾಗಿ. ಅದರ ಹಿಂದಿನ ವಾರ ಆಸ್ಪತ್ರೆಯ ಹೆಡ್ ಸಿಸ್ಟರ್ ತಮ್ಮ ಹೊಸ ಮನೆಯ ಕಿಟಕಿಗಳಿಗೆ ಪರದೆ ಹೇಳಲು ಬಂದಿದ್ದರು. ಅಳತೆಯೆಲ್ಲ ಮುಗಿದ ಮೇಲೆ, ಒಂದು ಮಾತು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರುಮಾಡಿದರು.

ಹೆಡ್ ಸಿಸ್ಟರ್: ಪಾಪ ಎಕ್ಸ್‌ರೇಯವರು ತುಂಬ ಆಸೆ ಇಟ್ಕೊಂಡಿದ್ದಾರೆ ಅಮ್ಮ. ಇದೊಂದಕ್ಕಾದ್ರೂ ನೀವು ಬೇಡ ಅನ್ಬಾರದು.

ಪರದೆಯಮ್ಮ: ಇದೊಂದಕ್ಕಾದ್ರೂ ಅಂದ್ರೆ?

ಆಗ ಒಂದೊಂದೇ ಹೊರಗೆ ಬಂತು. ದೊಡ್ಡ ಆಸ್ಪತ್ರೆಗೆ ವರ್ಗವಾಗಿ ಮುಖ್ಯಸ್ಥರಾಗುವುದಿತ್ತು, ಮನೇಲಿ ಬೇಡ ಅಂದ್ರು. ವಾರ್ಷಿಕೋತ್ಸವದಲ್ಲಿ ಹಾಡಿ ಎಂದರೆ, ಮನೇಲಿ ಬೇಡ ಅಂದ್ರು. ರಕ್ತದಾನದ ದಿನ ಎಲ್ಲರೂ ಸಾಲಾಗಿ ಮಲಗಿದ್ದರೆ ಇವರು ಬಾಗಿಲಲ್ಲೇ ನಿಂತು, ನಂಗೇನೋ ಮನಸ್ಸಿದೆ, ಮನೇಲಿ ಬೇಡ ಅಂತಾರೆ. ಮೀಸೆ ಬಿಡಲಿಕ್ಕೂ ಮನೇಲಿ ಅಡ್ಡಿಯಂತೆ.

ಪರದೆಯಮ್ಮನ ಕೈಯಲ್ಲಿದ್ದ ಅಳತೆ ಟೇಪು ಕೈಯಲ್ಲೇ ಉಳಿಯಿತು. ವರ್ಗದ ಸುದ್ದಿ ಬಂದಾಗ ಅರ್ಧ ಪಾತ್ರೆ ಪೆಟ್ಟಿಗೆಗೆ ತುಂಬಿದವಳು ಅವಳು. ಅಲ್ಲಿ ನೀರು ಸರಿಯಿಲ್ಲವಂತೆ ಎಂದು ವಾಪಸ್ ತೆಗೆಸಿದವರು ಅವರು. ಹಾಡಿನ ವಿಷಯ, ರಕ್ತದ ವಿಷಯ ಈ ಮನೆಯೊಳಗೆ ಕಾಲೇ ಇಟ್ಟಿರಲಿಲ್ಲ. ಮೀಸೆಯಂತೂ ಕೇಳುವುದೇ ಬೇಡ. ಆದರೆ ನಾನಲ್ಲ ಎಂದು ಆಗಲೇ ಹೇಳಿದ್ದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುತ್ತಿತ್ತು. ಸಿಸ್ಟರ್ ಎದುರಿಗೆ ಬಾಯಿ ಮುಚ್ಚಿಕೊಂಡಳು. ಊರವರ ಬಾಯಲ್ಲಿ ತನ್ನ ಹೆಸರು ಇಷ್ಟು ಕೆಟ್ಟಿರುವಾಗ ಅದನ್ನು ತೊಳೆಯಲು ಒಂದೇ ದಾರಿ ಕಂಡಿತು. ಗಂಡ ಏನೇ ತರಲಿ, ಹೇಗೇ ಹೆದರಿಸಲಿ, ಬೇಡ ಎಂಬ ಮಾತು ತನ್ನ ನಾಲಿಗೆಯಿಂದ ಉದುರಬಾರದು.

ಎಕ್ಸ್‌ರೇಯವರು ಹೆದರಿಸುವುದರಲ್ಲಿ ಕಡಿಮೆ ಮಾಡಲಿಲ್ಲ. ಎರಡು ದಿನ ಬಿಟ್ಟು ಒಂದು ಸೈಕಲ್ಲು ತಂದು, ಹಿಂದಿನ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ, ಹಜಾರದ ನಟ್ಟನಡುವೆ, ಹೊಲಿಗೆ ಯಂತ್ರದ ಮೂಗಿಗೇ ತಾಗುವ ಹಾಗೆ ನಿಲ್ಲಿಸಿದರು.

ಎಕ್ಸ್‌ರೇ: ಇದು ಇಲ್ಲೇ ಇರುತ್ತೆ. ಇನ್ಮೇಲೆ ಈ ಮನೇಲಿ ಓಡಾಡೋಕೆ ಜಾಗ ಇರಲ್ಲ.

ಪರದೆಯಮ್ಮ: ಓಡಾಡೋರು ಯಾರಿದ್ದಾರೆ? ನೀವು ಅದನ್ನ ತುಳೀರಿ, ನಾನು ಇದನ್ನ ತುಳೀತೀನಿ.

ಹಾಗೆಯೇ ಆಯಿತು. ದಿನಾ ಸಂಜೆ ಗಂಡ ಹೆಂಡತಿ ಎದುರುಬದುರಾಗಿ ಕೂತು ತುಳಿಯುತ್ತಿದ್ದರು, ಇಬ್ಬರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳ ಕಡೆ ಬಟ್ಟೆಯಾದರೂ ಮುಂದೆ ಸರಿಯುತ್ತಿತ್ತು.

ಈಜುಕೊಳದಲ್ಲಿ ಕಥೆ ಇನ್ನೂ ಕಷ್ಟವಾಗಿತ್ತು. ಅಲ್ಲಿನ ಈಜು ಟೀಚರ್, ಇವರ ಅರ್ಧ ವಯಸ್ಸಿನ ಹುಡುಗಿ, ಉಸಿರು ಎಳೆದುಕೊಂಡು ಮುಖ ನೀರೊಳಗಿಡಿ ಎಂದಳಂತೆ. ಇದು ತಮ್ಮದೇ ಉದ್ಯೋಗದ ಮಾತು ಎಂದು ಎಕ್ಸ್‌ರೇಯವರಿಗೆ ಖುಷಿಯಾಯಿತು. ಎಳೆದುಕೊಂಡರು, ಹಿಡಿದರು, ಅಲ್ಲಾಡಲಿಲ್ಲ. ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತರು. ಎತ್ತಿ ನಿಲ್ಲಿಸಿದ ಮೇಲೆ ಟೀಚರ್ ಕೇಳಿದಳಂತೆ, ನೀರೊಳಗೆ ಉಸಿರು ಬಿಡಬೇಕು ಅಂದಿದ್ದೆನಲ್ಲ, ಯಾಕೆ ಬಿಡಲಿಲ್ಲ ಎಂದು. ಇದನ್ನೆಲ್ಲ ಮನೆಗೆ ಬಂದು ಹೆಂಡತಿಗೆ ಹೇಳಿದರು.

ಎಕ್ಸ್‌ರೇ: ಹಿಡೀರಿ ಅನ್ನೋದು ನಂಗೆ ಅಭ್ಯಾಸ ಇದೆ. ಬಿಡಿ ಅನ್ನೋದನ್ನ ಆಸ್ಪತ್ರೇಲೂ ಒಂದೊಂದ್ಸಲ ಮರೀತೀನಿ.

ಪರದೆಯಮ್ಮ: ಅಯ್ಯೋ, ಆ ರೋಗಿಗಳ ಗತಿ?

ಎಕ್ಸ್‌ರೇ: ಅವರೇ ಬಿಟ್ಕೋತಾರೆ. ಅವರ ಮಾತು ಯಾಕೆ ಈಗ? ನಾನು ಮುಳುಗಿ ಎದ್ದು ಬಂದಿದ್ದೀನಿ, ನಿಂಗೆ ಏನೂ ಅನ್ನಿಸಲ್ವಾ?

ಪರದೆಯಮ್ಮ: ಎದ್ದು ಬಂದ್ರಲ್ಲ, ಅರ್ಧ ಕಲಿತ ಹಾಗೇ.

ಇನ್ನೊಂದು ಸಂಜೆ ಕುಂಟುತ್ತ ಒಳಗೆ ಬಂದರು. ಗೇಟಿನಿಂದ ಹೊಸ್ತಿಲ ತನಕ ನೆಟ್ಟಗೆ ನಡೆದು, ಹೊಸ್ತಿಲಲ್ಲಿ ಕುಂಟಲು ಶುರುಮಾಡಿದ್ದನ್ನು ಅವಳು ಕಿಟಕಿಯಿಂದ ನೋಡಿಯೇ ಇದ್ದಳು.

ಎಕ್ಸ್‌ರೇ: ಮಂಡಿ ಕಣೆ. ಒಳಗಡೆ ಏನೋ ಸವೆದಿದೆ.

ಪರದೆಯಮ್ಮ: ಎಕ್ಸ್‌ರೇ ತೆಗೆಸಿ.

ಎಕ್ಸ್‌ರೇ: ಯಾರ ಹತ್ರ ತೆಗೆಸ್ಲಿ? ತೆಗೆಯೋನೇ ನಾನು.

ಪರದೆಯಮ್ಮ: ಇನ್ನೂ ಸಲೀಸು. ಸಾಲಲ್ಲಿ ಕಾಯ್ಬೇಕಾಗಿಲ್ಲ.

ಮಾರನೆಯ ದಿನ ತಮ್ಮ ಕೈಕೆಳಗಿನವನಿಂದಲೇ ತೆಗೆಸಿಕೊಂಡರು. ಮೂಳೆ ಡಾಕ್ಟರು ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರಂತೆ. ಈ ವಯಸ್ಸಿನಲ್ಲಿ ಇಂಥ ಮಂಡಿ ನೋಡಿಲ್ಲ ಎಂದರಂತೆ.

ಪರದೆಯಮ್ಮ: ಏನಂದ್ರು ಡಾಕ್ಟರು?

ಎಕ್ಸ್‌ರೇ: ಏನೂ ಇಲ್ವಂತೆ. ಚೆನ್ನಾಗಿದೆಯಂತೆ.

ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಹೇಳಿದರು.

ಪರದೆಯಮ್ಮ: ಚೆನ್ನಾಗಿರದೇ ಏನು. ಇಷ್ಟು ವರ್ಷ ಪೆಟ್ಟಿಗೇಲಿಟ್ಟ ಬೆಳ್ಳಿ ಲೋಟದ ಹಾಗೆ ಇಟ್ಕೊಂಡಿದ್ರಿ.

ಮಂಡಿಯೂ ಕೈಕೊಟ್ಟ ಮೇಲೆ ಎಕ್ಸ್‌ರೇಯವರು ಕೊನೆಯ ಉಪಾಯ ಹೂಡಿದರು. ಪರದೆಯಮ್ಮನ ಅಣ್ಣ ಶಾಲೆಯ ವ್ಯಾನು ಓಡಿಸುವ ಮನುಷ್ಯ. ಅವನನ್ನು ಕಂಡು, ನಿಮ್ಮ ತಂಗಿಯ ಹತ್ತಿರ ಈ ಪಂದ್ಯದ ವಿಷಯ ಒಂದು ಮಾತು ಆಡಿ ಭಾವ, ಅಪಾಯದ ಸಂಗತಿಯನ್ನೂ ಮುಚ್ಚಿಡಬೇಡಿ ಎಂದು ಸೂಕ್ಷ್ಮವಾಗಿ ಹೇಳಿ ಬಂದರು. ಇದರಲ್ಲಿ ಒಂದು ತೊಡಕಿತ್ತು. ಮನೇಲಿ ಬೇಡ ಅಂದ್ರು ಎಂಬ ಮಾತನ್ನು ಅವರು ಇಷ್ಟು ವರ್ಷ ಭಾವನ ಮುಂದೆಯೂ ಧಾರಾಳವಾಗಿ ಬಳಸಿದ್ದರು. ಅಣ್ಣ ಭಾನುವಾರ ಬೆಳಿಗ್ಗೆ ಬಂದು, ಸೈಕಲ್ಲನ್ನು ಸುತ್ತು ಹಾಕಿ, ಕುರ್ಚಿ ಎಳೆದು ಕೂತು ಕೆಮ್ಮಿದ.

ಅಣ್ಣ: ನೋಡಮ್ಮ, ಮನುಷ್ಯನಿಗೆ ಒಂದು ಆಸೆ ಅಂತ ಇರುತ್ತೆ.

ಪರದೆಯಮ್ಮ: ಇರಲಿ.

ಅಣ್ಣ: ನೀನು ಚಿಕ್ಕಂದಿನಿಂದ ಹಟದೋಳು. ನಾನು ಬಲ್ಲೆ. ನಿನ್ನ ಯಜಮಾನ್ರು ಎಷ್ಟು ಸಲ ಮನಸ್ಸು ಮುರ್ಕೊಂಡಿದ್ದಾರೆ ಅನ್ನೋದನ್ನೂ ಬಲ್ಲೆ. ಈ ಸಲ ಅಡ್ಡ ಬರಬೇಡ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಎಕ್ಸ್‌ರೇಯವರು ಹೆಂಡತಿಗೆ ಕಾಣದ ಹಾಗೆ ಅಣ್ಣನಿಗೆ ತಲೆ ಅಲ್ಲಾಡಿಸಿದರು. ಕೈ ಅಲ್ಲಾಡಿಸಿದರು. ಅಣ್ಣ ಅದನ್ನು ಕೃತಜ್ಞತೆ ಎಂದು ತಿಳಿದು, ಇರಲಿ ಇರಲಿ ಎನ್ನುವಂತೆ ಕೈ ಎತ್ತಿದ.

ಎಕ್ಸ್‌ರೇ: ಭಾವ, ಅಪಾಯದ ವಿಷಯ ಹೇಳಿ ಅಂದಿದ್ದೆ.

ಅಣ್ಣ: ಹೇಳ್ತೀನಿ ಇರಿ. ಅಪಾಯ ಎಲ್ಲಿಲ್ಲಮ್ಮ? ನಾನು ದಿನಾ ಬೆಳಗೆದ್ದು ವ್ಯಾನ್ ತುಂಬ ಮಕ್ಕಳನ್ನ ಕೂರಿಸ್ಕೊಂಡು ಹೋಗಲ್ವಾ? ಅದಕ್ಕಿಂತ ಕೆರೆ ದೊಡ್ಡದಾ?

ಎಕ್ಸ್‌ರೇ: ಅದಲ್ಲ ಭಾವ, ಅವಳಿಗೆ ಭಯ ಆಗ್ಬಹುದು ಅಂತ.

ಅಣ್ಣ: ಕೇಳಿದ್ಯಾ? ಇಷ್ಟರಲ್ಲೂ ನಿನ್ನ ಭಯದ್ದೇ ಯೋಚನೆ ಅವರಿಗೆ. ಇಂಥ ಗಂಡಂಗೆ ಬೇಡ ಅನ್ನೋಕೆ ನಿಂಗೆ ಬಾಯಾದ್ರೂ ಹೇಗೆ ಬರುತ್ತೆ?

ಪರದೆಯಮ್ಮ: ನಾನು ಬೇಡ ಅಂದೇ ಇಲ್ವಲ್ಲ ಅಣ್ಣ.

ಅಣ್ಣ: ಮತ್ತೆ? ಒಪ್ಪಿದ ಹಾಗೇನಾ?

ಪರದೆಯಮ್ಮ: ಒಪ್ಪಿ ಎಷ್ಟೋ ದಿನ ಆಯ್ತು.

ಅಣ್ಣ ತೊಡೆ ತಟ್ಟಿಕೊಂಡು ಎದ್ದ. ನೀವು ಇಷ್ಟು ವರ್ಷದಲ್ಲಿ ಮಾಡಲಾಗದ್ದನ್ನು ನಾನು ಎರಡು ಮಾತಲ್ಲಿ ಮುಗಿಸಿದೆ ನೋಡಿ ಎಂದು ತಂಗಿಯ ಗಂಡನ ಬೆನ್ನು ಚಪ್ಪರಿಸಿದ. ಪಂದ್ಯದ ದಿನ ಸೈಕಲ್ಲನ್ನೂ ಮನೆಯವರನ್ನೂ ತನ್ನ ವ್ಯಾನಿನಲ್ಲೇ ಕೆರೆಗೆ ಕರೆದೊಯ್ಯುವುದಾಗಿ ಮಾತು ಕೊಟ್ಟ. ಎಕ್ಸ್‌ರೇಯವರು ತುಂಬ ಉಪಕಾರವಾಯಿತು ಭಾವ ಎಂದರು. ಆ ದಿನ ಅವರಿಗೆ ಊಟ ಸೇರಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು. ತಪ್ಪಿಸಿಕೊಳ್ಳುವ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಎಕ್ಸ್‌ರೇಯವರು ಬೇರೆ ದಾರಿ ಕಾಣದೆ ನಿಜವಾಗಿಯೇ ಅಭ್ಯಾಸ ಮಾಡತೊಡಗಿದರು. ಮೊದಲು ಬೀದಿಯ ತಿರುವಿನ ತನಕ ಓಡಿ ಗೋಡೆ ಹಿಡಿದು ನಿಲ್ಲುತ್ತಿದ್ದವರು ತಿರುವು ದಾಟಿದರು. ಪ್ಯಾಂಟುಗಳು ಸೊಂಟದಲ್ಲಿ ಜಾರಿ, ಪರದೆಯಮ್ಮ ಒಂದೊಂದನ್ನೂ ಬಿಚ್ಚಿ ಒಳಗೆ ಹಿಡಿದು ಹೊಲಿದಳು. ನೀರಲ್ಲಿ ಉಸಿರು ಬಿಡುವುದನ್ನೂ ಕಲಿತರು. ಒದೆಯುತ್ತಾರಂತೆ, ಬೀಳುತ್ತಾರಂತೆ ಎಂಬ ಕಥೆಗಳು ನಿಂತುಹೋದವು.

ಕಥೆಗಳು ನಿಂತ ಮೇಲೆಯೇ ಪರದೆಯಮ್ಮನಿಗೆ ಭಯ ಶುರುವಾದದ್ದು. ಹೊಲಿದ ಪರದೆ ಕೊಟ್ಟು ಬರುವಾಗ ಒಂದು ಬೆಳಿಗ್ಗೆ ಈಜುಕೊಳದ ಬೇಲಿಯ ಹತ್ತಿರ ನಿಂತಳು. ಗಂಡನ ತಲೆ ನೀರೊಳಗೆ ಹೋಯಿತು. ಬರಲಿಲ್ಲ. ಬೇಲಿಯ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಕಾದಳು. ಎಲ್ಲೋ ದೂರದಲ್ಲಿ ತಲೆ ಎದ್ದಿತು, ಮತ್ತೆ ಮುಳುಗಿತು. ನಾಟಕವಾಡುವವನು ನೀರು ಆಳವಾಗುವ ಮೊದಲೇ ಎದ್ದು ಬರುತ್ತಾನೆ, ಹೆದರಿದವನು ಮುಳುಗುವ ಮೊದಲೇ ಕೂಗಿಕೊಳ್ಳುತ್ತಾನೆ. ಈ ಮನುಷ್ಯ ಈಗ ಎರಡೂ ಅಲ್ಲ ಎಂದು ಅವಳಿಗೆ ತೋರಿತು. ಅವತ್ತಿನಿಂದ ಬೇಡ ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಉಗುಳಿದರೆ, ನೋಡಿ, ಮನೇಲಿ ಬೇಡ ಅಂದ್ರು ಎಂದು ನಾಳೆಯೇ ಆಸ್ಪತ್ರೆಯೆಲ್ಲ ಮಾತಾಗುತ್ತದೆ. ನುಂಗಿಕೊಂಡೇ ಇದ್ದಳು.

ಪಂದ್ಯದ ಬೆಳಿಗ್ಗೆ ಕೆರೆಯ ದಡ ಜಾತ್ರೆಯಾಗಿತ್ತು. ಮೂಳೆ ಡಾಕ್ಟರು ಆಗಲೇ ಮುಂದಿನ ಗುಂಪಿನಲ್ಲಿ ನಿಂತಿದ್ದರು. ಹೆಡ್ ಸಿಸ್ಟರ್ ಆಸ್ಪತ್ರೆಯವರೆಲ್ಲರ ಪರವಾಗಿ ಬಂದು ಪರದೆಯಮ್ಮನ ಪಕ್ಕ ನಿಂತರು. ಹೇಳಿದ ಹೊತ್ತಿನೊಳಗೆ ನೀರಿನಿಂದ ಏಳದವರಿಗೆ ಸೈಕಲ್ ಇಲ್ಲ, ಅಲ್ಲಿಗೇ ಮುಗಿಯಿತು ಎಂದು ಮೈಕಿನಲ್ಲಿ ಮತ್ತೆ ಮತ್ತೆ ಕೂಗುತ್ತಿದ್ದರು. ಎಕ್ಸ್‌ರೇಯವರು ಮೈಗಂಟಿದ ಕಪ್ಪು ಉಡುಪಿನಲ್ಲಿ, ತಲೆಗೆ ಕಿತ್ತಳೆ ಬಣ್ಣದ ರಬ್ಬರ್ ಟೋಪಿ ಎಳೆದುಕೊಂಡು, ನೀರಿಗೆ ಇಳಿಯುವ ಮುನ್ನ ಹಿಂದಿರುಗಿ ಹೆಂಡತಿಯ ಹತ್ತಿರ ಬಂದರು.

ಎಕ್ಸ್‌ರೇ: ಏನಾದ್ರೂ ಹೇಳೋದಿದ್ಯಾ?

ಪರದೆಯಮ್ಮ: ಈಜೋ ಕನ್ನಡಕ ಬಿಗಿಯಾಗಿ ಹಾಕ್ಕೊಳ್ಳಿ.

ಎಕ್ಸ್‌ರೇ: ಅಷ್ಟೇನಾ?

ಪರದೆಯಮ್ಮ: ಅಷ್ಟೇ. ಹೋಗ್ಬನ್ನಿ.

ಹೋದರು. ಅಷ್ಟೂ ಟೋಪಿಗಳು ಒಟ್ಟಿಗೆ ಹೊರಟು, ಉದ್ದಕ್ಕೆ ಎಳೆದ ದಾರದ ಹಾಗಾಗಿ, ಕೊನೆಗೆ ದಾರದ ತುದಿಯಲ್ಲಿ ಒಂದೇ ಒಂದು ಉಳಿಯಿತು. ಅದರ ಹಿಂದೆ ಒಂದು ದೋಣಿ ಬರುತ್ತಿತ್ತು. ಬಿಸಿಲು ನೀರಿನ ಮೇಲೆ ಬಿದ್ದು ಟೋಪಿ ಕಾಣದಾದಾಗಲೆಲ್ಲ ಅವಳು ದೋಣಿಯನ್ನು ನೋಡಿದಳು. ದೋಣಿ ನಿಧಾನವಾಗಿ ಬರುತ್ತಿದೆ ಎಂದರೆ ಟೋಪಿಯೂ ಇದೆ ಎಂದು ಅರ್ಥ. ಉಳಿದವರೆಲ್ಲ ಎದ್ದು ಸೈಕಲ್ ಏರಿ ಹೋಗಿ ಧೂಳೂ ಇಳಿದ ಮೇಲೆ ಎಕ್ಸ್‌ರೇಯವರು ದಡಕ್ಕೆ ಕೈ ಊರಿ ಎದ್ದರು. ಎದ್ದವರೇ ಸೈಕಲ್ ನಿಲ್ಲಿಸಿದ ಕಡೆಗೆ ಓಡಿದರು. ಕತ್ತಿಗೆ ಸೀಟಿ ಹಾಕಿಕೊಂಡವನೊಬ್ಬ ಎರಡೂ ಕೈ ಚಾಚಿ ಅಡ್ಡ ನಿಂತ.

ಸೀಟಿಯವನು: ಸಾಕು ಸರ್. ಟೈಮ್ ಮುಗೀತು.

ಎಕ್ಸ್‌ರೇ: ಬಿಡು, ಬಿಡು. ಸೈಕಲ್ ಅಲ್ಲೇ ಇದೆ.

ಸೀಟಿಯವನು: ಸೈಕಲ್ ಮುಟ್ಟೋ ಹಾಗಿಲ್ಲ ಸರ್. ನಿಯಮ. ಇಲ್ಲೇ ನಿಲ್ಲಿ.

ಎಕ್ಸ್‌ರೇ: ನಿಲ್ಲು ಅನ್ನೋಕೆ ನೀನ್ಯಾರಪ್ಪ? ಇಷ್ಟು ತಿಂಗಳಿಂದ ನನ್ನನ್ನ ಒಬ್ರೂ ನಿಲ್ಲಿಸಿಲ್ಲ. ಹೆಂಡ್ತಿ ನಿಲ್ಲಿಸ್ಲಿಲ್ಲ, ಭಾವ ನಿಲ್ಲಿಸ್ಲಿಲ್ಲ, ಮಂಡಿ ನಿಲ್ಲಿಸ್ಲಿಲ್ಲ. ನೀನು ಸೀಟಿ ಊದಿದ್ರೆ ನಿಂತ್ಬಿಡ್ತೀನಾ?

ಅವನು ದಾರಿ ಬಿಡಲಿಲ್ಲ, ಇವರು ಹಿಂದೆ ಸರಿಯಲಿಲ್ಲ. ಕೊನೆಗೆ ಸೀಟಿಯವನು ಸುತ್ತ ನೋಡಿ, ಟವೆಲು ಹಿಡಿದು ನಿಂತ ಹೆಂಗಸನ್ನು ಕಂಡು ಅವಳ ಕಡೆ ತಿರುಗಿದ.

ಸೀಟಿಯವನು: ಅಮ್ಮ, ನಿಮ್ಮ ಯಜಮಾನ್ರಾ? ನೀವಾದ್ರೂ ಬೇಡ ಅಂತ ಒಂದು ಮಾತು ಹೇಳಿ.

ಹೆಡ್ ಸಿಸ್ಟರ್: ಹೌದು, ಅವರು ಹೇಳಿದ್ರೆ ಖಂಡಿತ ಕೇಳ್ತಾರೆ.

ಪರದೆಯಮ್ಮ ಟವೆಲನ್ನು ನಾಲ್ಕು ಮಡಿಕೆ ಮಾಡಿ ತೋಳಿಗೆ ಹಾಕಿಕೊಂಡಳು.

ಪರದೆಯಮ್ಮ: ನಂಗೆ ಆ ಅಭ್ಯಾಸ ಇಲ್ಲಪ್ಪ. ಮದುವೆಯಾದಾಗಿನಿಂದ ಇವರಿಗೆ ಯಾವುದಕ್ಕೂ ಬೇಡ ಅಂದೋಳಲ್ಲ. ವರ್ಗಕ್ಕೆ ಬೇಡ ಅಂದಿಲ್ಲ, ಹಾಡೋಕೆ ಬೇಡ ಅಂದಿಲ್ಲ, ರಕ್ತ ಕೊಡೋಕೆ ಬೇಡ ಅಂದಿಲ್ಲ. ಈಗ ಕೆರೆ ದಂಡೇಲಿ ನಿಂತು ಹೊಸದಾಗಿ ಶುರುಮಾಡಲ್ಲ. ನಿಲ್ಲಿಸೋದಿದ್ರೆ ನೀನೇ ನಿಲ್ಲಿಸ್ಕೋ.

ಎಕ್ಸ್‌ರೇಯವರ ಕಾಲು ಅಲ್ಲೇ ನಿಂತಿತು. ಹೆಂಡತಿಯನ್ನು ನೋಡಿದರು, ಹೆಡ್ ಸಿಸ್ಟರನ್ನು ನೋಡಿದರು, ಆಮೇಲೆ ನೀರನ್ನು ನೋಡಿದರು. ನೆಲದ ಮೇಲೆ ಕೂತು, ಹೊತ್ತು ಅಳೆಯಲು ಕಣಕಾಲಿಗೆ ಕಟ್ಟಿದ್ದ ಪಂದ್ಯದ ಪಟ್ಟಿಯನ್ನು ಬಿಚ್ಚಿಕೊಳ್ಳಲಿ ಎಂದು ಸೀಟಿಯವನ ಕಡೆ ಕಾಲು ಚಾಚಿದರು.

ಹೆಡ್ ಸಿಸ್ಟರ್: ಎಕ್ಸ್‌ರೇಯವರೆ, ಮತ್ತೆ ರಕ್ತದಾನದ ದಿನ?

ಎಕ್ಸ್‌ರೇ: ಸೂಜಿ ಕಂಡ್ರೆ ಆಗಲ್ಲ ಸಿಸ್ಟರ್.

ಹೆಡ್ ಸಿಸ್ಟರ್: ಹಾಡು?

ಎಕ್ಸ್‌ರೇ: ಜನ ಕಂಡ್ರೆ ದನಿ ನಡುಗುತ್ತೆ.

ಹೆಡ್ ಸಿಸ್ಟರ್: ಹೋಗ್ಲಿ, ಮೀಸೆ?

ಎಕ್ಸ್‌ರೇ: ಒಂದೇ ಕಡೆ ಬೆಳೆಯುತ್ತೆ.

ಸಿಸ್ಟರ್ ಎಲ್ಲರಿಗೂ ಬಿಸಿಯಾಗಿ ಕಾಫಿ ತರುತ್ತೇನೆ ಎಂದು ಹೊರಟರು. ಅಣ್ಣ ಮುಖ ಊದಿಸಿಕೊಂಡು ಸೈಕಲ್ ತರಲು ಹೋದ. ತಾನು ಬಂದು ಒಪ್ಪಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂಬುದು ಅವನ ಸಂಕಟ. ಗಂಡ ಹೆಂಡತಿ ಇಬ್ಬರೇ ವ್ಯಾನಿನ ಮೆಟ್ಟಿಲಲ್ಲಿ ಉಳಿದರು. ಅವಳು ಅವರ ಬೆನ್ನು ಒರೆಸಿದಳು. ಮೈ ತಣ್ಣಗಿತ್ತು, ಬೆರಳುಗಳೆಲ್ಲ ನೀರಲ್ಲಿ ನೆನೆದು ಸುಕ್ಕಾಗಿದ್ದವು.

ಎಕ್ಸ್‌ರೇ: ಸ್ವಲ್ಪದರಲ್ಲಿ ತಪ್ಪಿತು. ಮುಂದಿನ ವರ್ಷ ಬರ್ತೀನಿ.

ಒರೆಸುತ್ತಿದ್ದ ಕೈ ನಿಂತಿತು. ಬಿಸಿಲಿಗೆ ಬೆಳ್ಳಗಾದ ಆ ನೀರು, ಎಷ್ಟು ಹೊತ್ತು ನೋಡಿದರೂ ಮೇಲೇಳದ ಆ ಟೋಪಿ ಅವಳ ಕಣ್ಣಿಗೆ ಕಟ್ಟಿತು. ಈಗ ಅಕ್ಕಪಕ್ಕ ಯಾರೂ ಇರಲಿಲ್ಲ.

ಪರದೆಯಮ್ಮ: ಬೇಡ ರೀ.

ಎಕ್ಸ್‌ರೇ: ಏನಂದೆ?

ಪರದೆಯಮ್ಮ: ಬೇಡ ಅಂದೆ. ದಡದಲ್ಲಿ ನಿಂತು ಕಾಯೋಕೆ ನನ್ನ ಕೈಲಾಗಲ್ಲ.

ಯಾವ ಮಾತಿಗಾಗಿ ಎಕ್ಸ್‌ರೇಯವರು ಸೈಕಲ್ ತಂದು ಹಜಾರದಲ್ಲಿ ನಿಲ್ಲಿಸಿದ್ದರೋ, ಇಲ್ಲದ ಮಂಡಿನೋವು ತಂದುಕೊಂಡಿದ್ದರೋ, ಆ ಮಾತು ಊಟವಾದ ಮೇಲೆ ಬಂದ ಉಪ್ಪಿನ ಹಾಗೆ ಈಗ ಬಂದಿತ್ತು. ಅವರು ಅದನ್ನು ಕೇಳಿ, ಟವೆಲು ಎಳೆದುಕೊಂಡು ತಲೆ ಉಜ್ಜಿಕೊಂಡರು.

ಎಕ್ಸ್‌ರೇ: ಇಷ್ಟು ವರ್ಷ ನಿನ್ನ ಮಾತು ಕೇಳಿದ್ದು ಸಾಕು. ಇನ್ಮೇಲೆ ಕೇಳಲ್ಲ. ಬಂದೇ ಬರ್ತೀನಿ.

ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ವ್ಯಾನಿನ ಮರೆಯಿಂದ ಬಂದ ಹೆಡ್ ಸಿಸ್ಟರ್ ಅಲ್ಲೇ ನಿಂತುಬಿಟ್ಟರು.

ಹೆಡ್ ಸಿಸ್ಟರ್: ಅಮ್ಮ, ಈಗ ನೀವು ಬೇಡ ಅಂದ ಹಾಗೆ ಕೇಳಿಸ್ತು.

ಪರದೆಯಮ್ಮ: ಅಂದೆ ಸಿಸ್ಟರ್. ಜೀವಮಾನದಲ್ಲಿ ಇದೇ ಮೊದಲು. ನೋಡಿದ್ರಲ್ಲ, ಎಷ್ಟು ಕೇಳ್ತಾರೆ ಅಂತ.